ಕೊಲೆಸ್ಟ್ರಾಲ್ ಗುಳಿಗೆಯ ಜೊತೆಗಾರರು

ರಿಪೋರ್ಟ್‌ನಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 178 ಅಂತ ಬಂದಿತ್ತು. ಒಟ್ಟು ಕೊಲೆಸ್ಟ್ರಾಲ್ 262, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 46, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ 190. ನಾನು ದಾವಣಗೆರೆಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಅಂಕಿ ಕಂಡರೆ ಕೂಡಿ ಕಳೆದು ನೋಡದೆ ಬಿಡುವುದಿಲ್ಲ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 38. 262ರಲ್ಲಿ 46 ತೆಗೆದು, ಆ 38 ತೆಗೆದರೆ ಸರಿಯಾಗಿ 178. ಅಂದರೆ ಎಲ್‌ಡಿಎಲ್ ಅನ್ನು ಅವರು ಅಳೆದಿರಲಿಲ್ಲ, ಲೆಕ್ಕ ಹಾಕಿ ಬರೆದಿದ್ದರು. ಎಷ್ಟೋ ಲ್ಯಾಬ್‌ಗಳಲ್ಲಿ ಇದೇ ಪದ್ಧತಿ, ತಪ್ಪೇನಲ್ಲ. ಟ್ರೈಗ್ಲಿಸರೈಡ್ 400 ದಾಟಿದಾಗ ಮಾತ್ರ ಈ ಲೆಕ್ಕ ನಂಬುವಂಗಿಲ್ಲ. ಆಗ ನೇರವಾಗಿಯೇ ಅಳೆಯಬೇಕು.

ಟೆಸ್ಟ್ ಮಾಡಿಸಲು ಕಾರಣ ನಮ್ಮಣ್ಣ. ಅವನಿಗೆ 49ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಮನೆಯ ಉಳಿದವರನ್ನೂ ಡಾಕ್ಟರುಗಳು ಬೇರೆ ಕಣ್ಣಿನಿಂದ ನೋಡುತ್ತಾರೆ. ಅದರ ಮೇಲೆ ನನಗೆ ಬಿಪಿ ಬೇರೆ ಇದೆ. ದಿನಾ ಅಮ್ಲೋಡಿಪಿನ್ ನುಂಗುತ್ತೇನೆ. ಥೈರಾಯ್ಡ್ ಗುಳಿಗೆಯೂ ಉಂಟು.

ಚೀಟಿ ಬರೆಸಿಕೊಂಡು ಬರೋಣ ಅಂತ ಹೋದರೆ ಡಾಕ್ಟರ್ ಮೇಡಂ ಅವತ್ತು ಕೊಲೆಸ್ಟ್ರಾಲ್ ಗುಳಿಗೆಯನ್ನೇ ಬರೆಯಲಿಲ್ಲ.

"ಥೈರಾಯ್ಡ್ ಯಾವಾಗ ನೋಡಿಸಿದ್ರಿ ಅಮ್ಮ?" ಅಂತ ಕೇಳಿದರು.

ಹೋದ ವರ್ಷ, ಅಂದೆ. ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ಅದು ಜಾಸ್ತಿ ಬಂತು, ಅಂದರೆ ಥೈರಾಯ್ಡ್ ನಿಧಾನವಾಗಿದೆ ಅಂತ. ಥೈರಾಯ್ಡ್ ನಿಧಾನವಾಗಿದ್ದರೆ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಲಿವರ್ ಸರಿಯಾಗಿ ಎಳೆದುಕೊಳ್ಳುವುದಿಲ್ಲವಂತೆ. ಹಾಗಾಗಿ ಕೊಲೆಸ್ಟ್ರಾಲ್ ತಾನಾಗಿ ಏರುತ್ತದೆ. ಇನ್ನೊಂದು ವಿಷಯವೂ ಇದೆ. ಥೈರಾಯ್ಡ್ ಹತೋಟಿಗೆ ಬರದೆ ಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಗುಳಿಗೆ ಶುರು ಮಾಡಿದರೆ ಮಾಂಸಖಂಡಕ್ಕೆ ತೊಂದರೆಯಾಗುವ ಸಂಭವ ಜಾಸ್ತಿ. ಮೊದಲು ಇದನ್ನು ಸರಿ ಮಾಡೋಣ, ಆಮೇಲೆ ಅದರ ಮಾತು ಅಂದರು. ಥೈರಾಯ್ಡ್ ಡೋಸ್ ಹೆಚ್ಚಿಸಿ ಕಳಿಸಿದರು.

ಈ ಒಂದು ಪ್ರಶ್ನೆಗೆ ನಾನು ಆ ಮೇಡಂಗೆ ಋಣಿ. ಕೊಲೆಸ್ಟ್ರಾಲ್ ಜಾಸ್ತಿ ಅಂದ ಕೂಡಲೇ ಗುಳಿಗೆ, ಗುಳಿಗೆ ಅಂದ ಕೂಡಲೇ ಜೀವನಪೂರ್ತಿ. ನಮ್ಮಲ್ಲಿ ಆಗುವುದು ಹೀಗೇ ಅಲ್ವಾ? ನಡುವೆ ಒಂದು ಟೆಸ್ಟ್‌ಗೆ ಜಾಗ ಇದೆ ಅಂತ ಎಷ್ಟು ಜನರಿಗೆ ಗೊತ್ತು?

ಥೈರಾಯ್ಡ್ ಸರಿಹೋದ ಮೇಲೆ ಮತ್ತೆ ನೋಡಿದಾಗ ಎಲ್‌ಡಿಎಲ್ 158ಕ್ಕೆ ಇಳಿದಿತ್ತು. ಇಳಿದದ್ದು ಹೌದು, ಸಾಲದು. ಅಣ್ಣನ ವಿಷಯ, ಬಿಪಿ, ನನ್ನ ವಯಸ್ಸು ಎಲ್ಲ ಸೇರಿಸಿ ನೋಡಿದರೆ 100ರ ಒಳಗೆ ಇರಬೇಕು ಅಂದರು. ಅಣ್ಣನಂಥವರಿಗೆ ಇನ್ನೂ ಬಿಗಿ. 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ಕ್ಕಿಂತಲೂ ಕೆಳಗೆ.

ಆಗ ಊಟದ ಮಾತು ಬಂತು. ದಾವಣಗೆರೆಯವರ ಮುಂದೆ ಕೊಲೆಸ್ಟ್ರಾಲ್ ಅಂದರೆ ಸಾಕು, ಎದುರಿನವರು ಬೆಣ್ಣೆದೋಸೆಯನ್ನು ಕಟಕಟೆಗೆ ಎಳೆದು ನಿಲ್ಲಿಸುತ್ತಾರೆ. ಬೆಂಗಳೂರಿನ ನೆಂಟರಿಗಂತೂ ಇದೇ ಜೋಕು. ನಾನು ದೋಸೆಯ ಪರ ವಕೀಲಿ ಮಾಡುತ್ತಿಲ್ಲ. ಬೆಣ್ಣೆ, ತುಪ್ಪ, ಡಾಲ್ಡಾದಂಥ ಕೊಬ್ಬು ಎಲ್‌ಡಿಎಲ್ ಏರಿಸುತ್ತವೆ, ಅದು ನಿಜವೇ. ಆದರೆ ಮೈಯಲ್ಲಿರುವ ಕೊಲೆಸ್ಟ್ರಾಲಿನ ದೊಡ್ಡ ಪಾಲನ್ನು ನಮ್ಮ ಮೈಯೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಲಿವರಿನ ಪಾತ್ರ ದೊಡ್ಡದು. ಮನೆತನದಲ್ಲೇ ಜಾಸ್ತಿ ಇರುವವರು ಬರೀ ಗಂಜಿ ಕುಡಿದು ಕೂತರೂ 158 ಇದ್ದದ್ದು 100ಕ್ಕೆ ಇಳಿಯುವುದು ಕಷ್ಟ. ಮೇಡಂ ದೋಸೆ ಬಿಡಿ ಅನ್ನಲಿಲ್ಲ. ಎಷ್ಟು ದಿನಕ್ಕೊಮ್ಮೆ ಅಂತ ಕೇಳಿ, ಮನೆಯ ಒಗ್ಗರಣೆ ಎಣ್ಣೆಯ ಲೆಕ್ಕ ಕೇಳಿದರು. ದಿನಾ ಕರಿದದ್ದು ತಿನ್ನುವುದಕ್ಕಿಂತ ಅಪರೂಪಕ್ಕೆ ಒಂದು ದೋಸೆ ವಾಸಿ ಅಂದರು. ಸಂಜೆ ಕುಂದವಾಡ ಕೆರೆಯ ಕಡೆ ನಡೆಯುವುದನ್ನು ಮುಂದುವರಿಸಿ ಅಂತಲೂ ಹೇಳಿದರು.

ಗುಳಿಗೆ ಶುರು ಮಾಡುವ ಮೊದಲು ಲಿವರ್ ಟೆಸ್ಟ್ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಆಯಿತು. ಲಿವರ್ ಸರಿ ಇತ್ತು. ಸಕ್ಕರೆ 5.9, ಗಡಿಯ ಮೇಲೆ. ಸ್ಟಾಟಿನ್ ಸಕ್ಕರೆಯನ್ನು ಸ್ವಲ್ಪ ಏರಿಸಬಹುದು, ಗಡಿಯಲ್ಲಿ ಇರುವವರು ಕೆಲವರು ಗಡಿ ದಾಟಬಹುದು ಅಂತ ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದರು. "ಆದ್ರೆ ಹಾರ್ಟ್ ಉಳಿಸೋ ಲಾಭ ಅದಕ್ಕಿಂತ ದೊಡ್ಡದು. ಸಕ್ಕರೆ ಮೇಲೆ ಒಂದು ಕಣ್ಣಿಟ್ಟಿರೋಣ" ಅಂದರು. ಮುಂಚೆ ಈ ಗುಳಿಗೆ ತಿನ್ನುವವರಿಗೆ ಆಗಾಗ ಲಿವರ್ ಟೆಸ್ಟ್ ಮಾಡಿಸುತ್ತಿದ್ದರು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಅಗತ್ಯ ಇಲ್ಲ ಅಂದಿತು. ಶುರುವಿಗೆ ಒಮ್ಮೆ ನೋಡಿ, ಆಮೇಲೆ ಲಕ್ಷಣ ಕಂಡರೆ ಮಾತ್ರ ನೋಡಿದರೆ ಸಾಕು ಅಂತ. ಕಣ್ಣು ಹಳದಿಯಾಗುವುದು, ಮೂತ್ರ ಕಪ್ಪಾಗುವುದು, ವಿಪರೀತ ಸುಸ್ತು, ಹಸಿವೇ ಆಗದಿರುವುದು, ಇವು ಆ ಲಕ್ಷಣಗಳು. ಲಿವರಿಗೆ ಗಂಭೀರ ಪೆಟ್ಟು ಬೀಳುವುದು ಬಹಳ ಅಪರೂಪ.

ಇದನ್ನು ನಮ್ಮ ಓಣಿಯಲ್ಲಿ ಹೇಳಿ ನೋಡಿ. "ಲಿವರ್ ಹೋಗ್ತತಿ ಕಣವ್ವ, ನಮ್ಮ ಬೀಗರೊಬ್ಬರು ಬಿಟ್ಟೇಬಿಟ್ರು" ಅಂತ ಮೂರು ಮನೆಯವರು ಒಂದೇ ಉಸಿರಲ್ಲಿ ಹೇಳುತ್ತಾರೆ. ಆ ಬೀಗರು ಬಿಟ್ಟ ಮೇಲೆ ಏನಾದರು ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಮೇಡಂ ಬರೆದದ್ದು ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ. ಇದು ಏನು ಮಾಡುತ್ತದೆ ಅಂತ ಕೇಳಿದೆ. ಲಿವರ್ ಕೊಲೆಸ್ಟ್ರಾಲ್ ತಯಾರಿಸಲು ಬಳಸುವ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಮನೆಯ ಎಮ್ಮೆ ಹಾಲು ಕಡಿಮೆ ಮಾಡಿದರೆ ಡೈರಿಗೆ ಹೋಗುತ್ತೇವಲ್ಲ, ಹಾಗೆ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳಲು ಶುರು ಮಾಡುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಇಳಿಯುತ್ತದೆ. ಇದರ ಹುಟ್ಟು ಇನ್ನೂ ಸ್ವಾರಸ್ಯ. 1970ರ ದಶಕದ ಆರಂಭದಲ್ಲಿ ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಸಾವಿರಾರು ಬೂಸ್ಟುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತಾ ಹೋದರು. ಕೊನೆಗೆ ಕ್ಯೋಟೊ ನಗರದ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿ ಹಸಿರು ಬೂಸ್ಟಿನಲ್ಲಿ ಮೊದಲ ಸ್ಟಾಟಿನ್ ಸಿಕ್ಕಿತು. ಜನರಿಗೆ ಮಾರಲು ಒಪ್ಪಿಗೆ ಪಡೆದ ಮೊದಲ ಸ್ಟಾಟಿನ್ ಲೋವಾಸ್ಟಾಟಿನ್, ಅದು 1987ರಲ್ಲಿ ಬಂತು. ಭತ್ತದ ಸೀಮೆಯವರು ನಾವು, ಬೂಸ್ಟು ಹಿಡಿದ ಅಕ್ಕಿ ಕಂಡರೆ ಎಸೆಯುತ್ತೇವೆ. ಅವರು ಎಸೆಯಲಿಲ್ಲ.

ಯಾವ ಹೊತ್ತಿಗೆ ನುಂಗಬೇಕು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ರಾತ್ರಿಯೇ ಆಗಬೇಕು ಅನ್ನುವ ಮಾತು ಸಿಮ್ವಾಸ್ಟಾಟಿನ್‌ನಂಥ ಹಳೆಯ ಗುಳಿಗೆಗಳಿಗೆ ಸರಿ. ಅವು ಮೈಯಲ್ಲಿ ಸ್ವಲ್ಪ ಗಂಟೆ ಮಾತ್ರ ಇರುತ್ತವೆ, ಕೊಲೆಸ್ಟ್ರಾಲ್ ಜಾಸ್ತಿ ತಯಾರಾಗುವುದು ರಾತ್ರಿ. ಅಟೋರ್ವಾಸ್ಟಾಟಿನ್ ಮತ್ತು ರೋಸುವಾಸ್ಟಾಟಿನ್ ದಿನವಿಡೀ ಕೆಲಸ ಮಾಡುತ್ತವೆ, ಯಾವ ಹೊತ್ತಾದರೂ ಆಗುತ್ತದೆ. ದಿನಾ ಒಂದೇ ಹೊತ್ತಿಗೆ ಇರಬೇಕು ಅಷ್ಟೆ. ನನಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಗುಳಿಗೆ ಇರುವುದರಿಂದ ಇದನ್ನು ರಾತ್ರಿ ಊಟಕ್ಕೆ ಇಟ್ಟುಕೊಂಡೆ. ಮರೆತರೆ ಮರೆತಂತೆ, ಮಾರನೇ ದಿನ ಎರಡು ನುಂಗುವ ಹಾಗಿಲ್ಲ.

ಹೊರಡುವಾಗ ಮೇಡಂ ಹೇಳಿದ ಮಾತೇ ನನಗೆ ಈ ಇಡೀ ವಿಷಯದ ತಿರುಳು ಅನ್ನಿಸಿದ್ದು. "ಈ ಗುಳಿಗೆ ಒಂದೇ ಇದ್ರೆ ಹೆಚ್ಚು ತಂಟೆ ಮಾಡಲ್ಲ ಅಮ್ಮ. ಜೊತೆಗೆ ಇನ್ಯಾವುದೋ ಸೇರಿದಾಗಲೇ ತೊಂದರೆ. ಹಲ್ಲಿನ ಡಾಕ್ಟ್ರಾಗ್ಲಿ, ಚರ್ಮದ ಡಾಕ್ಟ್ರಾಗ್ಲಿ, ಯಾರ ಹತ್ರ ಹೋದ್ರೂ ಇದನ್ನ ತಗೋತಿದೀನಿ ಅಂತ ಮೊದಲು ಹೇಳಿ." ಸಿಮ್ವಾಸ್ಟಾಟಿನ್ ಬರೆಯದಿರಲು ನನ್ನ ಬಿಪಿ ಗುಳಿಗೆಯೂ ಒಂದು ಕಾರಣ ಅಂದರು. ಅಮ್ಲೋಡಿಪಿನ್ ಜೊತೆ ಅದನ್ನು ದಿನಕ್ಕೆ 20 ಮಿಲಿಗ್ರಾಂ ದಾಟಿಸಬಾರದು.

ಮನೆಗೆ ಬಂದು ಫೋನಿನಲ್ಲಿ ಒಂದು ಪಟ್ಟಿ ಬರೆದುಕೊಂಡೆ. ಗುಳಿಗೆಯ ಹೆಸರು ಅಂದರೆ ಕಂಪನಿ ಇಟ್ಟ ಹೆಸರಲ್ಲ, ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು. ಅಡಿಯಲ್ಲಿ ಕೊನೆಯ ರಿಪೋರ್ಟಿನ ಅಂಕಿಗಳು. ನಮ್ಮ ಯಜಮಾನರು ನಕ್ಕರು. ಇಲ್ಲೂ ಲೆಡ್ಜರ್ ಶುರುವಾಯ್ತಾ ಅಂತ.

ಆ ಲೆಡ್ಜರ್ ಕೆಲಸಕ್ಕೆ ಬಂದದ್ದು ಮಳೆಗಾಲದಲ್ಲಿ. ಸೊಂಟದ ಹತ್ತಿರ ಹುಳುಕಡ್ಡಿ ಎದ್ದಿತು. ನಮ್ಮ ಕಡೆ ಈಗ ಯಾರ ಮನೆಯಲ್ಲಿ ಇಲ್ಲ ಹೇಳಿ? ಮೆಡಿಕಲ್ ಶಾಪಿನ ಮುಲಾಮು ಹಚ್ಚಿದರೆ ಎರಡು ದಿನ ಅಡಗಿ ಮತ್ತೆ ಅಗಲವಾಗಿ ಏಳುತ್ತದೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಇನ್ನೂ ಕಷ್ಟ. ಅದಕ್ಕೇ ಚರ್ಮದ ಡಾಕ್ಟರ ಹತ್ತಿರ ಹೋದೆ. ಹೊರಗೆ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಹೋಗಿ ಕೂರುವಷ್ಟರಲ್ಲಿ ಚೀಟಿ ಅರ್ಧ ಬರೆದಾಗಿತ್ತು, ಇಟ್ರಾಕೊನಜೋಲ್ ಕ್ಯಾಪ್ಸೂಲ್. ನಾನು ಫೋನ್ ಮುಂದೆ ಹಿಡಿದು, "ಸಾರ್, ಇವಿಷ್ಟು ತಗೋತಿದೀನಿ" ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಒಳ್ಳೇದಾಯ್ತು ಹೇಳಿದ್ದು" ಅಂದು ಆ ಸಾಲನ್ನು ಹೊಡೆದು ಹಾಕಿದರು. ಅಟೋರ್ವಾಸ್ಟಾಟಿನ್ ಅನ್ನು ಲಿವರಿನ ಒಂದು ಕಿಣ್ವ ಒಡೆದು ಹೊರಗೆ ಹಾಕುತ್ತದೆ. ಇಟ್ರಾಕೊನಜೋಲ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ 10 ಮಿಲಿಗ್ರಾಂ ನುಂಗಿದರೂ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ನುಂಗಿದ ಹಾಗೆ ಆಗುತ್ತದೆ. ಮಾಂಸಖಂಡಕ್ಕೆ ಪೆಟ್ಟು ಬೀಳುವುದು ಇಂಥ ಹೊತ್ತಿನಲ್ಲೇ. ನನಗೆ ಟೆರ್ಬಿನಾಫಿನ್ ಬರೆದುಕೊಟ್ಟರು, ಅದು ಆ ಕಿಣ್ವದ ಗೋಜಿಗೆ ಹೋಗುವುದಿಲ್ಲ. ಕ್ಲಾರಿತ್ರೋಮೈಸಿನ್, ಎರಿತ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್‌ಗಳೂ ಇದೇ ಜಾತಿಯವು ಅಂತ ಹೇಳಿ ಅವನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ ಅಂದರು. ಬೇರೆ ದಾರಿಯೇ ಇಲ್ಲದೆ ಅವನ್ನು ಕೊಡಬೇಕಾದರೆ ಅಷ್ಟು ದಿನ ಕೊಲೆಸ್ಟ್ರಾಲ್ ಗುಳಿಗೆ ನಿಲ್ಲಿಸಿ ಅಂತ ಡಾಕ್ಟರುಗಳೇ ಹೇಳುತ್ತಾರೆ. ಕೆಲವು ದಿನ ನಿಲ್ಲಿಸಿದರೆ ಏನೂ ಮುಳುಗುವುದಿಲ್ಲ.

ಹೊರಗೆ ಕೂತಿದ್ದ ಅಷ್ಟೂ ಜನರಲ್ಲಿ ಎಷ್ಟು ಮಂದಿ ಈ ಎರಡನ್ನೂ ಒಟ್ಟಿಗೆ ನುಂಗುತ್ತಿರಬಹುದು? ಯೋಚನೆ ಬಂತು. ಹುಳುಕಡ್ಡಿ ಹೇಳಿಕೊಳ್ಳುವುದಕ್ಕೇ ನಮ್ಮ ಹೆಂಗಸರಿಗೆ ನಾಚಿಕೆ, ಇನ್ನು ಎದೆಯ ಗುಳಿಗೆಯ ವಿಷಯ ಚರ್ಮದ ಡಾಕ್ಟರಿಗೆ ಯಾಕೆ ಹೇಳುತ್ತಾರೆ?

ಗುಳಿಗೆ ಶುರುವಾಗಿ 4ರಿಂದ 12 ವಾರದ ಒಳಗೆ ಒಮ್ಮೆ ಲಿಪಿಡ್ ಪ್ರೊಫೈಲ್, ಅಂದರೆ ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸಬೇಕು. ನನ್ನ ಎಲ್‌ಡಿಎಲ್ 104ಕ್ಕೆ ಬಂದಿತ್ತು. ಇನ್ನೇನು ನಾಲ್ಕು ಅಂಕಿ ಅಲ್ವಾ ಅಂತ ನಾನು. ಮೇಡಂ 20 ಮಿಲಿಗ್ರಾಂ ಮಾಡಿದರು. ಆಗಲೇ ಒಂದು ವಿಚಿತ್ರ ತಿಳಿದದ್ದು. ಡೋಸ್ ಎರಡರಷ್ಟು ಮಾಡಿದರೆ ಎಲ್‌ಡಿಎಲ್ ಎರಡರಷ್ಟು ಇಳಿಯುವುದಿಲ್ಲ, ಇನ್ನೂ ಸುಮಾರು 6 ಪರ್ಸೆಂಟ್ ಇಳಿಯುತ್ತದೆ ಅಷ್ಟೆ. ಮೊದಲ ಸಣ್ಣ ಡೋಸೇ ದೊಡ್ಡ ಕೆಲಸ ಮಾಡಿಬಿಟ್ಟಿರುತ್ತದೆ. ಬಡ್ಡಿ ಲೆಕ್ಕ ಮಾಡುವ ನನಗೆ ಈ ಲೆಕ್ಕ ಬಹಳ ದಿನ ತಲೆಯಲ್ಲಿ ಕೂತಿತ್ತು.

20ಕ್ಕೆ ಏರಿಸಿದ ಮೇಲೆ ತೊಡೆ ನೋವು ಶುರುವಾಯಿತು. ಆಫೀಸಿನ ಮೆಟ್ಟಿಲು ಹತ್ತುವಾಗ ಎರಡೂ ತೊಡೆ ಭಾರ. ರೊಟ್ಟಿ ಬಡಿಯಲು ನೆಲಕ್ಕೆ ಕೂತರೆ ಏಳಲು ಕೈ ಊರಬೇಕು. ಮಂಡಿ ನೋವು ನನಗೆ ಹಳೆಯ ಪರಿಚಯ, ಇದು ಅದಲ್ಲ. ಕೀಲಿನಲ್ಲಿ ಇರಲಿಲ್ಲ, ಮಾಂಸದಲ್ಲಿತ್ತು.

ಓಣಿಯವರ ತೀರ್ಪು ಆಗಲೇ ಸಿದ್ಧವಾಗಿತ್ತು, ಬಿಡು ಅಂತ. ನಾನು ಫೋನ್ ಮಾಡಿ ಮೇಡಂ ಹತ್ತಿರ ಹೋದೆ. ಅವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯುವುದು ಒಳ್ಳೆಯದು. ಒಂದೇ ಕಾಲೋ ಎರಡೂ ಕಾಲೋ? ಸ್ಟಾಟಿನ್ ನೋವು ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ. ತೊಡೆ, ಸೊಂಟ, ಭುಜದಂಥ ದೊಡ್ಡ ಮಾಂಸಖಂಡಗಳಲ್ಲಿ ಬರುತ್ತದೆ. ಯಾವಾಗ ಶುರುವಾಯಿತು? ಗುಳಿಗೆ ಶುರು ಮಾಡಿದ ಅಥವಾ ಡೋಸ್ ಏರಿಸಿದ ಮೊದಲ ಕೆಲವು ವಾರಗಳಲ್ಲೇ ಜಾಸ್ತಿ. ಹೊಸ ಕೆಲಸ, ಹೊಸ ವ್ಯಾಯಾಮ ಏನಾದರೂ ಮಾಡಿದಿರಾ? ಹೊಸ ಗುಳಿಗೆ? ಕೊನೆಗೆ, ಮೂತ್ರದ ಬಣ್ಣ ಹೇಗಿದೆ?

ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಮಾಂಸಖಂಡ ನಿಜವಾಗಿ ಒಡೆಯಲು ಶುರುವಾದರೆ ಅದರ ಕಸ ಕಿಡ್ನಿಗೆ ಬಂದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ವಿಪರೀತ ನೋವು, ನಿಲ್ಲಲಾರದಷ್ಟು ನಿತ್ರಾಣ. ಹಾಗಾದರೆ ಮಾರನೇ ದಿನಕ್ಕೆ ಕಾಯಬಾರದು. ಗುಳಿಗೆ ನಿಲ್ಲಿಸಿ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಇದು ತೀರಾ ಅಪರೂಪ. ಗೊತ್ತಿರಬೇಕು, ಅಷ್ಟೆ.

ನನಗೆ ಹಾಗೇನೂ ಇರಲಿಲ್ಲ. ಮಾಂಸಖಂಡಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಸಿಪಿಕೆ ಅನ್ನುವ ರಕ್ತ ಪರೀಕ್ಷೆ ಮಾಡಿಸಿದರು. ಹಿಂದಿನ ದಿನ ಭಾರ ಎತ್ತಬೇಡಿ, ಜೋರಾಗಿ ನಡೆಯಬೇಡಿ ಅಂದರು. ದಣಿದ ಮಾಂಸಖಂಡದಿಂದಲೂ ಅದು ಏರುತ್ತದಂತೆ. ಇರಬೇಕಾದ್ದಕ್ಕಿಂತ ಹತ್ತು ಪಟ್ಟು ದಾಟಿದರೆ ಗುಳಿಗೆ ನಿಲ್ಲಿಸಲೇಬೇಕು. ನನ್ನದು ಮಿತಿಯೊಳಗೇ ಇತ್ತು. ಟಿಎಸ್‌ಎಚ್ ಇನ್ನೊಮ್ಮೆ ನೋಡಿದರು, ಅದೂ ಸರಿ.

"ಹಂಗಾದ್ರೆ ನೋವು ಸುಳ್ಳಾ ಮೇಡಂ?" ಅಂದೆ.

"ನೋವು ನಿಮ್ದು, ಸುಳ್ಳು ಅನ್ನೋಕೆ ನಾನ್ಯಾರು? ಗುಳಿಗೇದೋ ಅಲ್ವೋ ಅಂತ ನೋಡೋಣ" ಅಂದರು.

ನೋಡುವ ದಾರಿ ಸರಳ. ಕೆಲವು ವಾರ ಗುಳಿಗೆ ನಿಲ್ಲಿಸುವುದು. ನೋವು ಹೋದರೆ ಕಡಿಮೆ ಡೋಸಿನಲ್ಲಿ ಅಥವಾ ಬೇರೆ ಸ್ಟಾಟಿನ್‌ನಿಂದ ಮತ್ತೆ ಶುರು ಮಾಡುವುದು. ನಿಲ್ಲಿಸಿದ ಮೇಲೆ ನನ್ನ ನೋವು ನಿಧಾನಕ್ಕೆ ಇಳಿಯಿತು. ಆಮೇಲೆ ರೋಸುವಾಸ್ಟಾಟಿನ್ 5 ಮಿಲಿಗ್ರಾಂ ಕೊಟ್ಟರು. ಅದರಲ್ಲಿ ನೋವು ಮರಳಿ ಬರಲಿಲ್ಲ.

ಇಲ್ಲಿ ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ಸ್ಯಾಮ್ಸನ್ ಅನ್ನುವ ಒಂದು ಪ್ರಯೋಗ ನಡೆಯಿತು, ಫಲಿತಾಂಶ ಬಂದದ್ದು 2020ರಲ್ಲಿ. ತೊಂದರೆಯಾಯಿತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ಸೇರಿಸಿದ್ದರು. ಕೆಲವು ತಿಂಗಳು ನಿಜವಾದ ಗುಳಿಗೆ, ಕೆಲವು ತಿಂಗಳು ಔಷಧವೇ ಇಲ್ಲದ ಹುಸಿ ಗುಳಿಗೆ, ಕೆಲವು ತಿಂಗಳು ಏನೂ ಇಲ್ಲ. ನಿಜವಾದದ್ದು ಯಾವುದು, ಹುಸಿ ಯಾವುದು ಅಂತ ನುಂಗುವವರಿಗೆ ಗೊತ್ತಿರಲಿಲ್ಲ. ಸ್ಟಾಟಿನ್ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇಕಡ 90ರಷ್ಟು ಹುಸಿ ಗುಳಿಗೆಯ ತಿಂಗಳುಗಳಲ್ಲೂ ಕಂಡಿತ್ತು. ಅಂದರೆ ಜನ ಸುಳ್ಳು ಹೇಳಿದರು ಅಂತಲ್ಲ. ನೋವು ನಿಜ, ಆದರೆ ಹೆಚ್ಚಿನ ಪಾಲು ಗುಳಿಗೆ ನುಂಗಿದ್ದೇನೆ ಅನ್ನುವ ಆತಂಕದ್ದು. ಓಣಿಯ ಮಾತಿಗೂ ಒಂದು ಡೋಸ್ ಇರುತ್ತದೆ ಅಂತ ನನಗೆ ಆಗ ಅನ್ನಿಸಿತು. ನನ್ನ ತೊಡೆ ನೋವು ಯಾವ ಪಾಲಿನದು ಅಂತ ಪತ್ತೆ ಮಾಡುವ ಹಟ ನನಗಿಲ್ಲ. ನಡೆಯಲು ಬಿಡುವ ಗುಳಿಗೆ ಸಿಕ್ಕಿತು, ಸಾಕು.

ರೋಸುವಾಸ್ಟಾಟಿನ್‌ಗೆ ಜೊತೆಗಾರರೇ ಬೇರೆ. ಇಟ್ರಾಕೊನಜೋಲ್ ಕಾಟ ಇದಕ್ಕೆ ಅಷ್ಟಿಲ್ಲ. ಇದಕ್ಕೆ ಆಗದ್ದು ಅಸಿಡಿಟಿಯ ಗುಲಾಬಿ ಸಿರಪ್. ಮಂಡಕ್ಕಿ ಮೆಣಸಿನಕಾಯಿ ತಿನ್ನುವ ಊರಲ್ಲಿ ಆ ಬಾಟಲಿ ಇಲ್ಲದ ಮನೆ ಕಡಿಮೆ. ಸಂಜೆ ಮಿರ್ಚಿ, ರಾತ್ರಿ ಎದೆ ಉರಿ, ಎರಡು ಚಮಚ ಸಿರಪ್, ಅದರ ಹಿಂದೆಯೇ ಗುಳಿಗೆ. ಸಿರಪ್ಪಿನಲ್ಲಿರುವ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಹೊಟ್ಟೆಯಲ್ಲಿ ರೋಸುವಾಸ್ಟಾಟಿನ್ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಮಾರು ಅರ್ಧದಷ್ಟು ಗುಳಿಗೆ ಮೈಗೆ ಸೇರುವುದೇ ಇಲ್ಲ. ಗುಳಿಗೆ ನುಂಗಿ 2 ಗಂಟೆ ಆದಮೇಲೆ ಸಿರಪ್ ಕುಡಿಯಬೇಕು. ಥೈರಾಯ್ಡ್ ಗುಳಿಗೆಗೂ ಈ ಸಿರಪ್ ಶತ್ರುವೇ. ಹೀಗೆ ಒಂದು ಮಿರ್ಚಿಯ ಸುತ್ತ ನನ್ನ ಇಡೀ ದಿನದ ವೇಳಾಪಟ್ಟಿ ತಿರುಗುತ್ತದೆ. ಮಿರ್ಚಿ ಕಡಿಮೆ ಮಾಡಿದ್ದೇನೆ. ಬಿಟ್ಟಿದ್ದೇನೆ ಅಂದರೆ ಊರಿನವರು ನಂಬುವುದಿಲ್ಲ.

ಹಣ್ಣಿನ ವಿಷಯವೂ ಹೀಗೇ. ಗ್ರೇಪ್‌ಫ್ರೂಟ್ ರಸ ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ಒಡೆಯುವ ಕಿಣ್ವವನ್ನು ತಡೆಯುತ್ತದೆ. ನಮಗೇನು, ಅದು ಇಲ್ಲಿ ಎಲ್ಲಿ ಸಿಗುತ್ತದೆ ಅಂತೀರಾ? ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯೇ ಗ್ರೇಪ್‌ಫ್ರೂಟ್. ನಮ್ಮ ಅತ್ತಿಗೆ ದೇವನಹಳ್ಳಿ ಕಡೆಯಿಂದ ಬರುವಾಗ ತಲೆಗಾತ್ರದ ಚಕ್ಕೋತ ಹೊತ್ತು ತರುತ್ತಾರೆ. ಅಟೋರ್ವಾಸ್ಟಾಟಿನ್ ಮೇಲೆ ಇದ್ದಷ್ಟು ದಿನ ನಾನು ಅದನ್ನು ಮುಟ್ಟಲಿಲ್ಲ. ರೋಸುವಾಸ್ಟಾಟಿನ್ ಆದ ಮೇಲೆ ಆ ಕಟ್ಟು ಇಲ್ಲ.

ಮೆಡಿಕಲ್ ಶಾಪಿನ ಒಂದು ಪ್ರಸಂಗ ಹೇಳಲೇಬೇಕು. ಮಾಮೂಲಿ ಅಂಗಡಿ ಮುಚ್ಚಿತ್ತು ಅಂತ ಬೇರೆ ಕಡೆ ಹೋದೆ. ಹುಡುಗ ಸ್ಟ್ರಿಪ್ ಕತ್ತರಿಸಿ, "ಅದೇ ಕಂಪನೀದೇ ಅಕ್ಕಾರೆ" ಅಂದು ಕೊಟ್ಟ. ಹೆಸರು ಅದೇ, ಕೊನೆಯಲ್ಲಿ ಮಾತ್ರ 'ಎಫ್' ಅಂತ ಒಂದು ಅಕ್ಷರ ಹೆಚ್ಚಿಗೆ ಇತ್ತು. ಹಿಂದೆ ತಿರುಗಿಸಿ ಓದಿದರೆ ರೋಸುವಾಸ್ಟಾಟಿನ್ ಜೊತೆ ಫೆನೊಫೈಬ್ರೇಟ್.

"ಇದರಲ್ಲಿ ಇನ್ನೊಂದು ಔಷಧ ಐತಲ್ಲಪ್ಪ" ಅಂದೆ.

"ಅದೂ ಕೊಲೆಸ್ಟ್ರಾಲ್‌ಗೇ ಅಕ್ಕಾರೆ, ಒಳ್ಳೇದೇ."

ಒಳ್ಳೆಯದೇ ಇರಬಹುದು, ಬೇಕಾದವರಿಗೆ. ಟ್ರೈಗ್ಲಿಸರೈಡ್ ತುಂಬ ಜಾಸ್ತಿ ಇರುವವರಿಗೆ ಡಾಕ್ಟರು ಯೋಚಿಸಿ ಬರೆಯುವ ಔಷಧ ಅದು. ಸ್ಟಾಟಿನ್ ಜೊತೆ ಆ ಗುಂಪಿನ ಔಷಧ ಸೇರಿದರೆ ಮಾಂಸಖಂಡದ ಮೇಲೆ ನಿಗಾ ಬೇಕು. ಅದೇ ಗುಂಪಿನ ಜೆಮ್‌ಫೈಬ್ರೋಜಿಲ್ ಅಂತೂ ಸ್ಟಾಟಿನ್ ಜೊತೆ ಬೇಡವೇ ಬೇಡ. ಸೆರಿವಾಸ್ಟಾಟಿನ್ ಅನ್ನುವ ಒಂದು ಗುಳಿಗೆಯನ್ನು 2001ರಲ್ಲಿ ಮಾರುಕಟ್ಟೆಯಿಂದಲೇ ವಾಪಸ್ ತೆಗೆದದ್ದಕ್ಕೆ ಮಾಂಸಖಂಡ ಒಡೆದು ಆದ ಸಾವುಗಳು ಕಾರಣ. ಅದನ್ನು ಜೆಮ್‌ಫೈಬ್ರೋಜಿಲ್ ಜೊತೆ ನುಂಗಿದವರಲ್ಲಿ ಅಪಾಯ ವಿಪರೀತ ಇತ್ತು. ನಮ್ಮ ಅಂಗಡಿಗಳಲ್ಲಿ 'ಎಫ್', 'ಎ', 'ಗೋಲ್ಡ್' ಅಂತ ಬಾಲ ಇರುವ ಸ್ಟ್ರಿಪ್ಪುಗಳು ಸಾಲಾಗಿ ಇರುತ್ತವೆ. 'ಗೋಲ್ಡ್' ಅಂದರೆ ಸಾಮಾನ್ಯವಾಗಿ ರಕ್ತ ತೆಳುವಾಗಿಸುವ ಎರಡು ಔಷಧಗಳು ಒಳಗೆ ಸೇರಿರುತ್ತವೆ. ಅಣ್ಣನಂಥ ಸ್ಟೆಂಟ್ ಹಾಕಿದವರಿಗೆ ಅದು ಬೇಕಾದೀತು. ನನ್ನಂಥವರು ತಿಳಿಯದೆ ನುಂಗಿದರೆ ಹಲ್ಲು ಕೀಳಿಸುವ ದಿನ ಫಜೀತಿ. ಸ್ಟ್ರಿಪ್ ಹಿಂತಿರುಗಿಸಿ ಬಂದೆ. ಈಗ ನಾನು ಜನೌಷಧಿ ಕೇಂದ್ರದಿಂದಲೇ ತರುವುದು. ಅಗ್ಗ ಅನ್ನುವುದು ಒಂದು. ಸ್ಟ್ರಿಪ್ಪಿನ ಮೇಲೆ ಔಷಧದ ಹೆಸರೇ ದೊಡ್ಡದಾಗಿ ಇರುತ್ತದೆ ಅನ್ನುವುದು ಇನ್ನೊಂದು, ನನಗೆ ಅದೇ ಜಾಸ್ತಿ ಇಷ್ಟ.

'ನೈಸರ್ಗಿಕ' ಅಂತ ಬರುವ ಬಾಟಲಿಗಳ ಬಗ್ಗೆಯೂ ಹೀಗೇ ಹಿಂದೆ ತಿರುಗಿಸಿ ಓದಬೇಕು. ನಮ್ಮ ಸೋದರಮಾವನ ಮಗ ಬೆಂಗಳೂರಿನಿಂದ ರೆಡ್ ಈಸ್ಟ್ ರೈಸ್ ಕ್ಯಾಪ್ಸೂಲ್ ತಂದುಕೊಟ್ಟ. ಕೆಮಿಕಲ್ ಅಲ್ಲ, ಅಕ್ಕಿ ಅಂತ. ಅದರೊಳಗಿನ ಮೊನಾಕೊಲಿನ್ ಕೆ ಅನ್ನುವುದೂ ಲೋವಾಸ್ಟಾಟಿನ್ ಅನ್ನುವುದೂ ಒಂದೇ ವಸ್ತು. ಡಾಕ್ಟರು ಕೊಟ್ಟ ಸ್ಟಾಟಿನ್ ಜೊತೆ ಅದನ್ನೂ ನುಂಗಿದರೆ ಎರಡು ಸ್ಟಾಟಿನ್ ನುಂಗಿದ ಹಾಗೆ, ಅದೂ ಎಷ್ಟು ಡೋಸ್ ಅಂತ ಗೊತ್ತಿಲ್ಲದೆ. ಅವನಿಗೆ ಬೇಜಾರಾಗದ ಹಾಗೆ ಬಾಟಲಿ ವಾಪಸ್ ಕೊಟ್ಟು ವಿಷಯ ಹೇಳಿದೆ. ಅವನ ಹೆಂಡತಿಗೂ ಒಂದು ಮಾತು ಹೇಳಿದೆ. ಗರ್ಭಿಣಿಯರು, ಮಗು ಬೇಕು ಅಂತ ಇರುವವರು, ಎದೆಹಾಲು ಕುಡಿಸುವವರು ಡಾಕ್ಟರನ್ನು ಕೇಳದೆ ಇಂಥದ್ದರ ಹತ್ತಿರವೇ ಹೋಗಬಾರದು.

ರೋಸುವಾಸ್ಟಾಟಿನ್ ಮೇಲೆ ನನ್ನ ಎಲ್‌ಡಿಎಲ್ ಈಗ 94. ಸಕ್ಕರೆ 5.9 ಇದ್ದದ್ದು ಅಲ್ಲೇ ನಿಂತಿದೆ. ಇನ್ನು ಪದೇಪದೇ ಬರಬೇಕಾಗಿಲ್ಲ, ವರ್ಷಕ್ಕೊಮ್ಮೆ ಸಾಕು, ನಡುವೆ ಏನಾದರೂ ಕಂಡರೆ ಬನ್ನಿ ಅಂದಿದ್ದಾರೆ ಮೇಡಂ. ಅಂಕಿ ಸರಿಬಂತಲ್ಲ, ಇನ್ನು ನಿಲ್ಲಿಸಬಹುದಾ ಅಂತ ಕೇಳಿದ್ದಕ್ಕೆ, ಅಂಕಿ ಸರಿ ಇರುವುದೇ ಗುಳಿಗೆಯಿಂದ, ನಿಲ್ಲಿಸಿದರೆ ಕೆಲವೇ ವಾರದಲ್ಲಿ ಹಳೆಯ ಜಾಗಕ್ಕೆ ಹೋಗುತ್ತದೆ ಅಂದರು. ಬಿಪಿ ಗುಳಿಗೆಗೂ ಇದೇ ಉತ್ತರ ಕೇಳಿದ್ದೆ.

ಪಟ್ಟಿಯನ್ನು ಅಣ್ಣನಿಗೂ ಮಾಡಿಕೊಟ್ಟೆ. ಅವನ ಗುಳಿಗೆಗಳು ನನ್ನದರ ಎರಡರಷ್ಟಿವೆ, ಬರೆಯಲು ಒಂದು ಸಂಜೆ ಹಿಡಿಯಿತು. ಫೋನಿನಲ್ಲಿ ಹುಡುಕಲು ಅವನಿಗೆ ಬರುವುದಿಲ್ಲ ಅಂತ ಅತ್ತಿಗೆ ಅದನ್ನು ದಪ್ಪ ಕಾಗದದಲ್ಲಿ ಬರೆಸಿ ಅವನ ಜೇಬಿನ ಪರ್ಸಿಗೆ ಹಾಕಿದ್ದಾರೆ. ಮುಂದಿನ ಟೆಸ್ಟ್ ಇಬ್ಬರಿಗೂ ದೀಪಾವಳಿ ಹೊತ್ತಿಗೆ ಬರುತ್ತದೆ. ಹಬ್ಬಕ್ಕಿಂತ ಮೊದಲೇ ಮಾಡಿಸಿಬಿಡೋಣ, ಅಂಕಿ ಚೆನ್ನಾಗಿ ಬರುತ್ತದೆ ಅಂತ ಅಣ್ಣನ ವಾದ. ಹಬ್ಬ ಮುಗಿದ ಮೇಲೆ ಅಂತ ನನ್ನದು. ಇನ್ನೂ ಇತ್ಯರ್ಥವಾಗಿಲ್ಲ.